ಸದ್ದು ಅಡಗಿದರೂ ಉಳಿದ ಅಕ್ಷರಗಳು

ಓ, ಯು, ಜಿ, ಎಚ್. ಇಂಗ್ಲಿಷಿನ ಈ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಒಟ್ಟಾಗಿ ಬಂದರೆ ಉಚ್ಚಾರವೇನು? 'ಆದರೂ' ಎಂಬರ್ಥದ ಪದದಲ್ಲಿ ಅದು 'ದೋ'. ಅದೇ ಪದದ ನಡುವೆ ಒಂದು ಆರ್ ಸೇರಿಸಿದರೆ 'ಥ್ರೂ'. ಗಟ್ಟಿ ಎನ್ನುವುದಕ್ಕೆ 'ಟಫ್', ಕೆಮ್ಮಿಗೆ 'ಕಾಫ್', ಮರದ ಕೊಂಬೆಗೆ 'ಬೌ', ಯೋಚನೆಗೆ 'ಥಾಟ್', ಬಿಕ್ಕಳಿಕೆಗೆ 'ಹಿಕಪ್'. ಕೂಲಂಕಷ ಎಂಬರ್ಥದ ಪದವಂತೂ ಬ್ರಿಟಿಷರ ಬಾಯಲ್ಲಿ 'ಥರ' ಎಂದು ಮುಗಿದೇ ಹೋಗುತ್ತದೆ. ನಾಲ್ಕು ಅಕ್ಷರ, ಎಂಟು ಬಗೆಯ ಉಚ್ಚಾರ. ಕೊಂಬು, ದೀರ್ಘ, ಒತ್ತು ಕಲಿತರೆ ಯಾವ ಪದವನ್ನಾದರೂ ಓದಬಹುದೆಂಬ ಧೈರ್ಯದಿಂದ ಬಂದ ಕನ್ನಡದ ಮಗು ಇಲ್ಲಿ ಕಂಗಾಲಾಗುತ್ತದೆ. ಮೇಷ್ಟರು 'ಬಾಯಿಪಾಠ ಮಾಡು' ಎಂದು ಮುಂದೆ ಸಾಗುತ್ತಾರೆ.

ಆದರೆ ಈ ಗೊಂದಲಕ್ಕೆ ಕಾರಣವಿದೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ, ಈಗ ಜಿ-ಎಚ್ ನಿಂತಿರುವ ಜಾಗದಲ್ಲಿ ಒಂದು ಧ್ವನಿ ಇತ್ತು. ಉರ್ದು ಬಲ್ಲವರು 'ಖಬರ್' ಎನ್ನುವಾಗ ಗಂಟಲನ್ನು ಉಜ್ಜಿಕೊಂಡು ಬರುವ ಸದ್ದಿನಂಥದು. ಆಗ ಅದನ್ನು ಎಚ್ ಅಕ್ಷರ ಒಂದರಿಂದಲೇ ಬರೆಯುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಬರವಣಿಗೆಯ ಮೇಲೆ ಫ್ರೆಂಚ್ ಪದ್ಧತಿಯ ಪ್ರಭಾವ ಹೆಚ್ಚಿತು. ಬರುಬರುತ್ತ ಆ ಧ್ವನಿಗೆ ಜಿ-ಎಚ್ ಜೋಡಿಯೇ ಗುರುತಾಯಿತು. ರಾತ್ರಿಯನ್ನು ಸೂಚಿಸುವ 'ನೈಟ್' ಆ ಕಾಲದಲ್ಲಿ 'ನಿಖ್ಟ್' ಎಂಬಂತೆ ಕೇಳಿಸುತ್ತಿತ್ತು. ಜರ್ಮನರು ಇಂದಿಗೂ 'ನಾಖ್ಟ್' ಎನ್ನುತ್ತಾರೆ.

ಈ ಧ್ವನಿಯ ದೂರದ ನೆಂಟರು ನಮ್ಮ ಮನೆಯಲ್ಲೂ ಇದ್ದಾರೆ. ಇಂಗ್ಲಿಷ್ ಮತ್ತು ಸಂಸ್ಕೃತ ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. 'ನೈಟ್'ಗೆ ಸಂಸ್ಕೃತದ ಜೋಡಿ 'ನಕ್ತ'. ರಾಕ್ಷಸರನ್ನು ನಕ್ತಂಚರರು ಎನ್ನುವುದು ಅವರು ರಾತ್ರಿ ತಿರುಗುವವರೆಂದು. ನಕ್ತದ 'ಕ್' ಇರುವಲ್ಲೇ ಇಂಗ್ಲಿಷಿನ ಮೂಕ ಜಿ-ಎಚ್ ಕುಳಿತಿದೆ. ಮಗಳು ಎಂಬರ್ಥದ 'ಡಾಟರ್'ಗೆ ಜೋಡಿ 'ದುಹಿತೃ'. ಮಗಳ ಮಗನನ್ನು ದೌಹಿತ್ರ ಎನ್ನುವಾಗ ಆ 'ಹಿ'ಯನ್ನು ನಾವು ಸ್ಪಷ್ಟವಾಗಿಯೇ ಉಚ್ಚರಿಸುತ್ತೇವೆ. ಹಗುರ ಎಂಬರ್ಥದ 'ಲೈಟ್' ನಮ್ಮ 'ಲಘು'ವಿನ ಬಂಧು. ಎಂಟು ಎಂಬರ್ಥದ 'ಎಯ್ಟ್' ಕೂಡ 'ಅಷ್ಟ'ದ ಬಳಗವೇ. ನಿಷ್ಪ್ರಯೋಜಕವೆಂದು ಬೈಸಿಕೊಳ್ಳುವ ಆ ಎರಡು ಅಕ್ಷರಗಳು ಹೊತ್ತಿರುವುದು ಇಂಥ ಹಳೆಯ ಸಂಬಂಧದ ಸಾಕ್ಷಿಯನ್ನು.

ಹಾಗಾದರೆ ಒಂದು ಕಡೆ ಮೌನ, ಇನ್ನೊಂದು ಕಡೆ 'ಫ್' ಏಕೆ? ಸುಮಾರು 15ರಿಂದ 17ನೇ ಶತಮಾನದ ಅವಧಿಯಲ್ಲಿ ಲಂಡನ್ನಿನ ಮಾತಿನಿಂದ ಆ ಗಂಟಲ ಧ್ವನಿ ಕಳಚಿಬಿತ್ತು. 'ಇ' ಸ್ವರದ ಜೊತೆಗಿದ್ದಲ್ಲಿ ಅದು ಸದ್ದಿಲ್ಲದೆ ಮಾಯವಾಯಿತು. ಹಾಗಾಗಿ 'ನೈಟ್', 'ಲೈಟ್' ಪದಗಳಲ್ಲಿ ಎಲ್ಲೂ 'ಫ್' ಇಲ್ಲ. 'ಉ', 'ಒ'ಗಳ ಬಳಿ ಸಂಗತಿ ಬೇರೆ. ಈ ಸ್ವರಗಳನ್ನು ನುಡಿಯುವಾಗ ತುಟಿ ದುಂಡಗಾಗುತ್ತದೆ. ಹಿಂದೆ ಬರುವ ಗಂಟಲ ಸದ್ದು ತುಟಿಯ ಕಡೆಗೆ ಜಾರಿ 'ಫ್' ಆಗುವುದು ಸುಲಭ. ಕೆಲವು ಸೀಮೆಗಳಲ್ಲಿ ಹೀಗಾಯಿತು, ಕೆಲವು ಸೀಮೆಗಳಲ್ಲಿ ಧ್ವನಿ ಅಳಿಯಿತು. ಹಲವು ಊರುಗಳ ಜನ ಸೇರಿದ ಲಂಡನ್ನಿನ ಮಾತು ಒಂದು ಪದವನ್ನು ಇಲ್ಲಿಂದ, ಇನ್ನೊಂದನ್ನು ಅಲ್ಲಿಂದ ಎತ್ತಿಕೊಂಡಿತು. ನಗು 'ಲಾಫ್ಟರ್' ಆಗಿ, ಮಗಳು 'ಡಾಟರ್' ಆಗಿ ಉಳಿದದ್ದು ಹೀಗೆ. ಮೊದಲಕ್ಷರ ಬಿಟ್ಟರೆ ಎರಡರ ಸ್ಪೆಲಿಂಗ್ ಒಂದೇ!

ಇಷ್ಟರಲ್ಲಿ ಮುದ್ರಣ ಬಂದಿತ್ತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಕೂಟ ತೆರೆದ. ಮುಂದೆ ಅಚ್ಚಿನ ರೂಪ ಗಟ್ಟಿಯಾಗುತ್ತ ಹೋಯಿತು, ನಾಲಗೆ ಮಾತ್ರ ತನ್ನ ದಾರಿ ಹಿಡಿಯಿತು. ಸಾಲದ್ದಕ್ಕೆ ಪಂಡಿತರ ಕೈವಾಡವೂ ಸೇರಿತು. ಆನಂದ ಎಂಬರ್ಥದ 'ಡಿಲೈಟ್' ಹಳೆಯ ಫ್ರೆಂಚಿನಿಂದ ಬಂದ ಪದ. ಅದರಲ್ಲಿ ಜಿ-ಎಚ್ ಇರಲೇ ಇಲ್ಲ. 'ಲೈಟ್' ನೋಡಿ ಅಂಟಿಸಿದರು. ಬಿಕ್ಕಳಿಕೆಯ ಸದ್ದನ್ನೇ ಅನುಕರಿಸಿ ಹುಟ್ಟಿದ 'ಹಿಕಪ್'ಗೂ ಕೆಮ್ಮಿನ ಸ್ಪೆಲಿಂಗಿನ ಬಾಲ ಕಟ್ಟಿದರು.

ಇಂಗ್ಲಿಷಿನ ಈ ಅವ್ಯವಸ್ಥೆಯನ್ನು ಅಣಕಿಸಲು ಜಿ, ಎಚ್, ಓ, ಟಿ, ಐ ಎಂದು ಬರೆದು 'ಫಿಶ್' ಎಂದು ಓದುವ ಚಮತ್ಕಾರ ಪ್ರಸಿದ್ಧ. ಅದನ್ನು ಬರ್ನಾರ್ಡ್ ಶಾ ತಲೆಗೆ ಕಟ್ಟುವುದು ವಾಡಿಕೆ. 1855ರ ಪತ್ರವೊಂದರಲ್ಲೇ ಅದು ಕಾಣಿಸುತ್ತದೆ. ಶಾ ಹುಟ್ಟಿದ್ದು 1856ರಲ್ಲಿ. ಅಣಕವೂ ಪೂರ್ತಿ ನ್ಯಾಯವಲ್ಲ. ಪದದ ಆರಂಭದಲ್ಲಿ ಜಿ-ಎಚ್ ಎಂದೂ 'ಫ್' ಆಗುವುದಿಲ್ಲ.

ಕನ್ನಡ ಇಂಥ ಸಂದರ್ಭದಲ್ಲಿ ಬೇರೆ ದಾರಿ ಹಿಡಿಯಿತು. 'ಪಾಲು' ಎನ್ನುತ್ತಿದ್ದ ನಾಲಗೆ 'ಹಾಲು' ಎನ್ನತೊಡಗಿದಾಗ ಬರಹವೂ 'ಹಾಲು' ಆಯಿತು. ೞಕಾರದ ಧ್ವನಿ ಮರೆಯಾಗುತ್ತಿದ್ದಾಗ, 13ನೇ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಅದಿರುವ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಕೊನೆಗೆ ಆ ಅಕ್ಷರವನ್ನೂ ಬಿಟ್ಟೆವು. 'ಏೞು' ಹೋಗಿ 'ಏಳು' ಉಳಿಯಿತು. ಇದರಿಂದ ಮಕ್ಕಳಿಗೆ ಓದು ಸಲೀಸಾಯಿತು, ಪಂಪನ ಪುಟ ಮಾತ್ರ ಇನ್ನಷ್ಟು ಅಪರಿಚಿತವಾಯಿತು. ಇಂಗ್ಲಿಷಿನವರ ಬಾಕಿ ಇದಕ್ಕೆ ತಿರುಗುಮುರುಗು: ಹಳೆಯ ಪುಟ ಕಣ್ಣಿಗೆ ಪರಿಚಿತ, ಮಕ್ಕಳಿಗೆ ಪ್ರಾಣಸಂಕಟ.

ಆ ಸಂಕಟ ತಪ್ಪಿಸಲು ಹೊರಟವರು ಕಡಿಮೆಯಲ್ಲ. ನೇಗಿಲಿನ 'ಪ್ಲೌ'ವನ್ನು ಡಬ್ಲ್ಯುವಿನಿಂದ ಮುಗಿಸುವ ಸ್ಪೆಲಿಂಗ್ ಅಮೆರಿಕದಲ್ಲಿ ನೆಲೆಯೂರಿತು. ಉಕ್ಕಿನ ಧಣಿ ಆಂಡ್ರೂ ಕಾರ್ನೆಗಿಯ ಹಣದಿಂದ 1906ರಲ್ಲಿ ಸ್ಪೆಲಿಂಗ್ ಸರಳಗೊಳಿಸುವ ಮಂಡಳಿಯೊಂದು ಹುಟ್ಟಿತು. ಅದು ಸೂಚಿಸಿದ 300 ಪದಗಳ ಹೊಸ ರೂಪಗಳನ್ನು ಬಳಸುವಂತೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದೇ ವರ್ಷ ಸರಕಾರಿ ಮುದ್ರಣಾಲಯಕ್ಕೆ ಆಜ್ಞೆ ಹೊರಡಿಸಿದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ಸಿಡಿಯಿತು, ವರ್ಷ ಮುಗಿಯುವುದರೊಳಗೆ ರೂಸ್‌ವೆಲ್ಟ್ ಹಿಂದೆ ಸರಿದರು. ಯುದ್ಧಕ್ಕೆ ಹೆದರದ ಮನುಷ್ಯ ಕಾಗುಣಿತಕ್ಕೆ ಸೋತರು.

ಅವರಿಗಿಂತ ಹಟಮಾರಿಯಾದದ್ದು 'ಷಿಕಾಗೊ ಟ್ರಿಬ್ಯೂನ್' ಪತ್ರಿಕೆ. 1934ರಿಂದ ಅದು 'ಥ್ರೂ', 'ದೋ' ಮುಂತಾದವನ್ನು ಜಿ-ಎಚ್ ಇಲ್ಲದೆ ಅಚ್ಚು ಮಾಡಿತು. ನಾಲ್ಕು ದಶಕ ಓದಿದರೂ ಊರಿನ ಶಾಲೆಗಳು ಹಳೆಯದನ್ನೇ ಕಲಿಸುತ್ತಿದ್ದವು. 1975ರಲ್ಲಿ ಪತ್ರಿಕೆ ಸಂಪಾದಕೀಯ ಬರೆದು ಸೋಲೊಪ್ಪಿಕೊಂಡಿತು. ಚುಟುಕು 'ಥ್ರೂ' ಮಾತ್ರ ಪೂರ್ತಿ ಸತ್ತಿಲ್ಲ. ಕಾರಿನಿಂದ ಇಳಿಯದೆ ತಿಂಡಿ ಕೊಳ್ಳುವ ಅಮೆರಿಕದ ಹೋಟೆಲುಗಳ ಫಲಕದಲ್ಲೂ, ಹುಡುಗರ ಮೊಬೈಲ್ ಸಂದೇಶಗಳಲ್ಲೂ ಅದು ಯಾರ ಅಪ್ಪಣೆಗೂ ಕಾಯದೆ ಓಡಾಡಿಕೊಂಡಿದೆ.