ಕ್ರೈಸ್ತ ಭಕ್ತರ ಅನ್ಯೋನ್ಯತೆ

ಭಕ್ತಿಯೆಂಬುದು ಏಕಾಂತದ ವಸ್ತುವೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಗುಹೆಯಲ್ಲಿ ಕುಳಿತ ತಪಸ್ವಿಯ ಚಿತ್ರವು ನಮ್ಮ ಮನಸ್ಸಿಗೆ ಅಷ್ಟು ಪರಿಚಿತವಾದುದು. ಆದುದರಿಂದ ಕ್ರೈಸ್ತಮತದ ಇತಿಹಾಸವನ್ನು ಓದತೊಡಗಿದೊಡನೆ ಒಂದು ಸಂಗತಿ ನಮಗೆ ವಿಚಿತ್ರವಾಗಿ ತೋರುತ್ತದೆ. ಮರುಭೂಮಿಗೆ ಹೋದ ಸಂನ್ಯಾಸಿಗಳು ಆ ಮತದಲ್ಲಿಯೂ ಉಂಟು. ಆದರೆ ಅವರು ಬಂದುದು ಎಷ್ಟೋ ತಲೆಮಾರುಗಳು ಕಳೆದ ಮೇಲೆ. ಮೊದಲ ಭಕ್ತನು ನಮಗೆ ಕಾಣಿಸಿಕೊಳ್ಳುವುದು ಹತ್ತು ಜನರ ನಡುವೆ, ಯಾರದೋ ಮನೆಯ ಊಟದ ಪಂಕ್ತಿಯಲ್ಲಿ. ಈ ಕೂಟವು ಅವನ ನಂಬಿಕೆಗೆ ಬರಿಯ ಅಲಂಕಾರವೋ, ಅಥವಾ ಅದರ ಆಧಾರವೋ? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡೋಣ.

ಕನ್ನಡ ಬೈಬಲ್ಲಿನಲ್ಲಿ ಈ ಕೂಟದ ಗುಣವನ್ನು 'ಅನ್ಯೋನ್ಯತೆ' ಎಂದು ಕರೆದಿದ್ದಾರೆ. ಮೂಲದ ಗ್ರೀಕ್ ಶಬ್ದವು 'ಕೊಯ್ನೋನಿಯ'. ಇದು ದೇವಾಲಯದಲ್ಲಿ ಹುಟ್ಟಿದ ಮಾತಲ್ಲ. ವ್ಯವಹಾರದ ಪಾಲುಗಾರಿಕೆಗೂ ಜನರು ಬಳಸುತ್ತಿದ್ದ ಮಾತು. ಲೂಕನ ಸುವಾರ್ತೆಯಲ್ಲಿ, ಸೀಮೋನನೊಡನೆ ಮೀನು ಹಿಡಿಯುತ್ತಿದ್ದ ಯಾಕೋಬ ಯೋಹಾನರನ್ನು ಅವನ ಪಾಲುಗಾರರೆಂದು ಹೇಳುವಲ್ಲಿ ಬಂದಿರುವುದು ಇದೇ ಧಾತುವಿನ ಶಬ್ದ. ಪೌಲನು ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದಾಗ ಆ ವಂತಿಗೆಗೂ ಇದೇ ಹೆಸರನ್ನು ಕೊಟ್ಟನು. ಆದುದರಿಂದ ಅನ್ಯೋನ್ಯತೆಯೆಂದರೆ ಒಟ್ಟಿಗೆ ಕುಳಿತು ಸವಿಮಾತನಾಡುವುದಷ್ಟೇ ಅಲ್ಲ. ಲಾಭದಲ್ಲಿಯೂ ನಷ್ಟದಲ್ಲಿಯೂ ಪಾಲುಗೊಳ್ಳುವುದು.

ಹೀಗೆ ಪಾಲುಗೊಳ್ಳುವುದು ಆ ಕಾಲದಲ್ಲಿಯೂ ಸುಲಭವಾಗಿರಲಿಲ್ಲ. ಕೊರಿಂಥ ಪಟ್ಟಣದ ಸಭೆಗೆ ಪೌಲನು ಸುಮಾರು ಕ್ರಿ. ಶ. 55ರಲ್ಲಿ ಬರೆದ ಪತ್ರದಿಂದ ಇದು ತಿಳಿಯುತ್ತದೆ. ಅಲ್ಲಿ ಕರ್ತನ ಭೋಜನಕ್ಕೆಂದು ಕೂಡಿದವರಲ್ಲಿ ಕೆಲವರು ತಮ್ಮ ಬುತ್ತಿಯನ್ನು ತಾವೇ ಮೊದಲು ತಿಂದು ಕುಡಿದು ಮತ್ತರಾಗುತ್ತಿದ್ದರು. ಇಲ್ಲದವರು ಹಸಿದು ಕುಳಿತಿರುತ್ತಿದ್ದರು. ಹಸಿದವರು ದುಡಿಮೆ ಮುಗಿಸಿ ತಡವಾಗಿ ಬರುತ್ತಿದ್ದ ಕೂಲಿಗಳು, ದಾಸರು ಆಗಿದ್ದಿರಬೇಕೆಂದು ಅನೇಕ ವಿದ್ವಾಂಸರ ಊಹೆ. ಇಂತಹ ಊಟವು ಕರ್ತನ ಭೋಜನವೇ ಅಲ್ಲವೆಂದು ಪೌಲನು ಕಟುವಾಗಿ ಬರೆದನು. ಒಬ್ಬರಿಗಾಗಿ ಒಬ್ಬರು ಕಾದಿರಬೇಕೆಂಬುದೇ ಅವನು ಕೊಟ್ಟ ಪರಿಹಾರ. ಎಷ್ಟು ಸಣ್ಣ ಮಾತು! ಆದರೆ ಯಜಮಾನನು ತನ್ನ ಎಲೆಯ ಮುಂದೆ ದಾಸನಿಗಾಗಿ ಕಾದಿರುವುದು ಆ ಕಾಲದ ಸಮಾಜಕ್ಕೆ ಸಣ್ಣ ಮಾತಾಗಿರಲಿಲ್ಲ.

ಸುಮಾರು 100 ವರ್ಷಗಳ ತರುವಾಯ, ಸುಮಾರು 155ರಲ್ಲಿ, ರೋಮ್ ನಗರದಲ್ಲಿದ್ದ ಜಸ್ಟಿನ್ ಎಂಬ ತತ್ತ್ವಜ್ಞನು ತನ್ನವರ ಭಾನುವಾರದ ಕೂಟವನ್ನು ಚಕ್ರವರ್ತಿಗೆ ವಿವರಿಸಿ ಬರೆದನು. ಬರಲಾರದವರ ಪಾಲಿನ ರೊಟ್ಟಿಯನ್ನು ಸೇವಕರು ಅವರವರ ಮನೆಗೆ ಮುಟ್ಟಿಸುತ್ತಿದ್ದರು. ಉಳ್ಳವರು ಇಷ್ಟಬಂದಷ್ಟು ಕೊಟ್ಟ ಹಣವು ಸಭೆಯ ಅಧ್ಯಕ್ಷನ ಬಳಿ ಸೇರಿ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿದ್ದವರು, ಪರಸ್ಥಳದಿಂದ ಬಂದವರು, ಇವರಿಗೆಲ್ಲ ಒದಗುತ್ತಿತ್ತು. ಪೂಜೆ ಎಲ್ಲಿ ಮುಗಿಯಿತು, ಉಪಕಾರ ಎಲ್ಲಿ ಮೊದಲಾಯಿತು ಎಂದು ಇಲ್ಲಿ ಗೆರೆ ಎಳೆಯುವುದು ಕಷ್ಟ.

ಇನ್ನು ಇಂಗ್ಲೆಂಡಿಗೆ ಬರೋಣ. 1742ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳಿಗೆ ತಮ್ಮ ಸಭಾಮಂದಿರದ ಸಾಲ ತೀರಿಸುವ ಚಿಂತೆ ಹತ್ತಿತು. ಪ್ರತಿಯೊಬ್ಬರೂ ವಾರಕ್ಕೆ ಒಂದು ಪೆನ್ನಿ ಕೊಡಲೆಂದು ಸೂಚನೆ ಬಂದಿತು. ಎಷ್ಟೋ ಬಡವರಿಗೆ ಅದೂ ಸಾಧ್ಯವಿಲ್ಲವೆಂದು ಆಕ್ಷೇಪಣೆ ಹುಟ್ಟಿದಾಗ, ಸಭಿಕರಲ್ಲೊಬ್ಬರು ಎದ್ದು, ಅತ್ಯಂತ ಬಡವರಾದ 11 ಮಂದಿಯನ್ನು ತಮ್ಮ ಪಾಲಿಗೆ ಬಿಟ್ಟರೆ ಅವರು ಕೊಡಲಾರದುದನ್ನು ತಾವೇ ತುಂಬುವುದಾಗಿ ಒಪ್ಪಿಕೊಂಡರು. ಹೀಗೆ ಸುಮಾರು 12 ಜನರ ತಂಡಗಳಾದುವು. ಮುಂದಾಳು ಹಣಕ್ಕಾಗಿ ಮನೆಮನೆಗೆ ಹೋದಾಗ ಒಬ್ಬನು ಕುಡಿತಕ್ಕೆ ಬಿದ್ದುದೂ, ಇನ್ನೊಂದು ಮನೆಯಲ್ಲಿ ಜಗಳವೆದ್ದುದೂ ಅವನ ಕಣ್ಣಿಗೆ ಬೀಳತೊಡಗಿದುವು. ಸಾಲ ತೀರಿಸಲು ಹುಟ್ಟಿದ ಏರ್ಪಾಡು ಒಬ್ಬರನ್ನೊಬ್ಬರು ಬೀಳದಂತೆ ಹಿಡಿಯುವ ಏರ್ಪಾಡಾಯಿತು. ದೊಡ್ಡ ಸಭೆಯಲ್ಲಿ ಮನುಷ್ಯನು ಅಡಗಿಕೊಳ್ಳಬಹುದು. 12 ಜನರ ನಡುವೆ ಅಡಗಲು ಸ್ಥಳವಿಲ್ಲ.

ನಮ್ಮ ನಾಡಿನ ಉದಾಹರಣೆಯೂ ಇದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅಂದು ಕ್ರೈಸ್ತನಾದವನನ್ನು ಮನೆಯೂ ಜಾತಿಯೂ ಹೊರಗಿಡುತ್ತಿದ್ದುವು; ಕುಲಕಸುಬು ಕೈಬಿಡುತ್ತಿತ್ತು. ಮತ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು ಕಾನೂನಾದುದು 1850ರಲ್ಲಿ. ಅದಕ್ಕೆ ಮೊದಲೇ, 1844ರಲ್ಲಿ, ಸಾರಸ್ವತ ಬ್ರಾಹ್ಮಣರಾದ ಆನಂದರಾವ್ ಕೌಂಡಿನ್ಯರು ದೀಕ್ಷಾಸ್ನಾನ ಹೊಂದಿದರು. ಇಂತಹವರಿಗೆ ಸಭೆಯು ವಾರಕ್ಕೊಮ್ಮೆ ಹೋಗಿಬರುವ ಸ್ಥಳವಾಗಿರಲಿಲ್ಲ. ಅದೇ ತಾಯಿತಂದೆ, ಅದೇ ಊರು. ಮಿಷನ್ನಿನ ಮುದ್ರಣಾಲಯ, ನೇಯ್ಗೆಯ ಕಾರ್ಖಾನೆ, 1865ರಲ್ಲಿ ಆರಂಭವಾದ ಹಂಚಿನ ಕಾರ್ಖಾನೆ, ಇವುಗಳ ಹಿಂದೆ ಇದ್ದ ಒಂದು ಮುಖ್ಯ ಕಾರಣ ಇದೇ: ಸಹೋದರನೆಂದು ಕರೆದ ಮೇಲೆ ಅವನ ಅನ್ನದ ಪ್ರಶ್ನೆಯನ್ನು ಬದಿಗಿಡುವಂತಿರಲಿಲ್ಲ. ಕೌಂಡಿನ್ಯರಾದರೋ ಮುಂದೆ ಕೊಡಗಿನ ಆನಂದಪುರದಲ್ಲಿ, ಕ್ರೈಸ್ತರಾದ ಹೊಲೆಯ ಕೂಲಿಗಾರರ ನೆಲೆಗಾಗಿ ದುಡಿದರು. ಹುಟ್ಟಿನಿಂದ ಅಷ್ಟು ದೂರವಿದ್ದವರು ಒಂದೇ ಪಂಕ್ತಿಗೆ ಬಂದರು.

ಆದರೆ ಸತ್ಯದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಅನ್ನವೂ ಉಪದೇಶವೂ ಒಂದೇ ಕೈಯಿಂದ ಬಂದಾಗ ಪಾಲುಗಾರನು ಅವಲಂಬಿಯಾಗಿಬಿಡುವ ಭಯವುಂಟು. 1914ರಲ್ಲಿ ಯುದ್ಧ ಮೊದಲಾಗಿ, ಜರ್ಮನ್ ಪಾದ್ರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಬೇರೆಯವರ ಕೈಸೇರಿದಾಗ ಆ ಸಭೆಗಳು ತಮ್ಮ ಕಾಲಿನ ಮೇಲೆ ನಿಲ್ಲುವುದನ್ನು ಕಲಿಯಬೇಕಾಯಿತು. ಜಾತಿಯೂ ಚರ್ಚಿನ ಬಾಗಿಲಲ್ಲೇ ನಿಲ್ಲಲಿಲ್ಲ. ಸಭೆಯೊಳಗೆ ಜಾತಿಭೇದ ಕೂಡದೆಂದು ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಆಜ್ಞೆ ಮಾಡಿದಾಗ ತಂಜಾವೂರಿನಲ್ಲಿ ಅನೇಕರು ಸಭೆಯನ್ನೇ ಬಿಟ್ಟರು. ಕೊರಿಂಥದ ಆ ಪಂಕ್ತಿಭೇದವು ಸಾವಿರದ ಏಳುನೂರು ವರ್ಷಗಳ ಮೇಲೆ ನಮ್ಮ ದೇಶದಲ್ಲಿ ಮತ್ತೆ ತಲೆಯೆತ್ತಿತು.

ಇವುಗಳಿಂದ ನಾವು ತಿಳಿಯತಕ್ಕುದೇನು? ಸತ್ಸಂಗವೆಂದಾಗ ನಾವು ಸಾಮಾನ್ಯವಾಗಿ ನಮಗಿಂತ ಒಳ್ಳೆಯವರನ್ನು ಹುಡುಕಿಕೊಂಡು ಹೋಗುತ್ತೇವೆ. ಅದು ಹಿತಕರವೇ ಸರಿ. ಕ್ರೈಸ್ತರ ಅನ್ಯೋನ್ಯತೆಯಲ್ಲಿ ಇನ್ನೊಂದು ಅಂಶ ಸೇರಿದೆ: ನಾವು ಆರಿಸಿಕೊಳ್ಳದವನೂ ನಮ್ಮ ಪಾಲುಗಾರನೇ. ತಡವಾಗಿ ಬಂದ ಕೂಲಿ, ಪೆನ್ನಿ ಕೊಡಲಾರದ ಬಡವ, ಮನೆ ಕಳೆದುಕೊಂಡ ಯುವಕ, ಇವರಿಲ್ಲದ ಕೂಟವು ಸ್ನೇಹಿತರ ಗೋಷ್ಠಿಯಾದೀತೇ ಹೊರತು ಸಭೆಯಾಗಲಾರದು. ಏಕಾಂತದಲ್ಲಿ ಸಹನೆಯನ್ನು ಧ್ಯಾನಿಸಬಹುದು. ಸಹಿಸಬೇಕಾದವನು ಪಕ್ಕದಲ್ಲಿ ಕುಳಿತಾಗಲೇ ಅದರ ಪರೀಕ್ಷೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೂಟವು ಆ ಭಕ್ತನ ನಂಬಿಕೆಗೆ ಅಲಂಕಾರವಲ್ಲ, ಆಧಾರ. ಆದರೆ ಕೊನೆಗೆ ಬರುವವನಿಗಾಗಿ ಪಂಕ್ತಿಯು ಕಾದಿರುವಷ್ಟು ಕಾಲ ಮಾತ್ರ.