ಪ್ರಾರ್ಥನೆಗೆ ಬಂದವರು ಹೋಗುತ್ತಾರೆ, ಓಣಿಯವರು ಉಳಿಯುತ್ತಾರೆ

ವಿಜಯಪುರ: ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆಂದರೆ ಈ ಸೀಮೆಯ ಮಂದಿ ಯಾರ ಪ್ರಾರ್ಥನೆಯನ್ನೂ ಬ್ಯಾಡ ಅನ್ನುವುದಿಲ್ಲ. ಮಠದ ಅಯ್ಯನವರ ವಿಭೂತಿ ಬರುತ್ತದೆ, ದರ್ಗಾದ ಊದು ಬರುತ್ತದೆ, ನಡುವೆ ದವಾಖಾನಿ ಗುಳಿಗೆಯೂ ನಡೆದೇ ಇರುತ್ತದೆ. ತಿಕೋಟಾದ ದರ್ಗಾಕ್ಕೂ ಬಬಲೇಶ್ವರದ ಬೃಹನ್ಮಠಕ್ಕೂ ನಡೆದುಕೊಳ್ಳುವ ಮಂದಿಗೆ ಇದೇನು ಹೊಸದಲ್ಲ.

ಅಂಥಾ ಮನೆಗೆ ಸಮುದ್ರ ದಾಟಿ ಬಂದ ಕ್ರೈಸ್ತ ಅತಿಥಿಯೊಬ್ಬ ಬಂದು, ಚಾಪೆ ಮೇಲೆ ಕೂತು, ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದರೆ? ಅದರಾಗ ತಪ್ಪೇನೈತಿ ಅನ್ನುವವರೂ ಉಂಟು. ಹಿಂದೆ ಏನೋ ಐತಿ ಅನ್ನುವವರೂ ಉಂಟು. ಕೂಗಾಟ ಶುರುವಾಗುವ ಮುಂಚೆ ಹಿಂದಿನ ಕತೆಯನ್ನೂ ಈಗಿನ ಕಾನೂನನ್ನೂ ಒಂದಿಷ್ಟು ತಿಳಿದುಕೊಂಡರೆ ಇಬ್ಬರಿಗೂ ಒಳ್ಳೇದು.

ರೇಲ್ವೆ ಬಂತು, ಪಾದ್ರಿಯೂ ಬಂದ

ಪಾದ್ರಿಗಳು ಈ ನಾಡಿಗೆ ಹೊಸಬರಲ್ಲ. ಆದಿಲಶಾಹಿ ರಾಜ್ಯದ ಮುದಗಲ್‌ನಲ್ಲಿ ಆ ಕಾಲಕ್ಕೇ ಕಥೋಲಿಕರ ವಸತಿ ಇತ್ತು. 1637ರಲ್ಲಿ ರೋಮ್‌ನಲ್ಲಿ ಬಿಷಪ್ ಪಟ್ಟ ಪಡೆದ ಗೋವೆಯ ಮತೇವುಸ್ ದ ಕಾಸ್ತ್ರೊಗೆ ಪೋಪರು ವಹಿಸಿಕೊಟ್ಟ ಸೀಮೆ ಆದಿಲಶಾಹಿಯ ವಿಜಾಪುರ. ಆತ ಹೊರದೇಶದವನಲ್ಲ, ಗೋವೆಯ ಬ್ರಾಹ್ಮಣ ಮನೆತನದಿಂದ ಬಂದವನು.

ಸಮುದ್ರ ದಾಟಿ ಬಂದು ಮನೆ-ಮನೆ ಹೊಕ್ಕವರು ಬಾಸೆಲ್ ಮಿಷನ್ನಿನವರು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿದ ಸಂಸ್ಥೆ ಅದು. ಬ್ರಿಟಿಷರಲ್ಲದ ಮಿಷನರಿಗಳಿಗೆ ಇಲ್ಲಿ ಬಾಗಿಲು ತೆರೆದದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅಲ್ಲಿಂದ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗದ ಬೆಟಗೇರಿ, 1851ರಲ್ಲಿ ನೇಕಾರರ ಗುಳೇದಗುಡ್ಡ. ಕಟ್ಟಕಡೆಗೆ 1885ರಲ್ಲಿ ವಿಜಾಪುರ.

ಆ ವರ್ಷಕ್ಕೂ ಒಂದು ಅರ್ಥ ಉಂಟು. 1876-78ರ ಬರದಲ್ಲಿ ಈ ಜಿಲ್ಲೆ ಬೆಂದು ಹೋಗಿತ್ತು. 1884ರಲ್ಲಿ ಹೋಟಗಿ-ಗದಗ ರೇಲ್ವೆ ಹಳಿ ಬಿತ್ತು. 1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ಇಲ್ಲಿಗೆ ಬಂತು. ಸಾಹೇಬರ ಹಿಂದೆ ಗುಮಾಸ್ತ, ವಕೀಲ, ವ್ಯಾಪಾರಿ ಬಂದ ಹಾಗೆ ಪಾದ್ರಿಯೂ ಬಂದ.

ಆದರೆ ಆಗಿನ ಮಿಷನರಿ ಹತ್ತು ದಿನದ ಪ್ರವಾಸಿ ಅಲ್ಲ. ಮೊದಲು ಕನ್ನಡ ಕಲಿಯಬೇಕು, ಆಮೇಲೆ ಬಾಯಿ ಬಿಡಬೇಕು. ಚಳಿಗಾಲ ಬಂತೆಂದರೆ ಊರಿಂದೂರಿಗೆ ತಿರುಗಾಟ. ಸಂತೆ, ಜಾತ್ರೆ, ಕಟ್ಟೆಗಳಲ್ಲಿ ಮಾತು. ಯಾರಾದರೂ ಕರೆದರೆ ಮನೆಯೊಳಗೆ. 1853ರಲ್ಲಿ ಬಂದ ಕಿಟೆಲ್ ಸಾಹೇಬರು ನಮ್ಮ ಮಂದಿಯ ಮಾತು ಕೇಳಿ ಕೇಳಿಯೇ 1894ರಲ್ಲಿ ಕನ್ನಡಕ್ಕೆ ದೊಡ್ಡ ನಿಘಂಟು ಕೊಟ್ಟರು. ಅವರ ಮತ ಒಪ್ಪದವರೂ ಆ ನಿಘಂಟನ್ನು ಇಂದಿಗೂ ತೆಗೆದು ನೋಡುತ್ತಾರೆ.

ಬೆಲೆ ಕೊಟ್ಟವರು ಯಾರು?

ಪಾದ್ರಿ ಜೋಡಿ ಕೂತು ಪ್ರಾರ್ಥನೆ ಮಾಡಿದ್ದು ಒಂದು ಗಳಿಗೆ. ಆತನ ಮತಕ್ಕೆ ಸೇರಿದವರ ಪಾಡು ಬ್ಯಾರೆ. ಬಾವಿ ನೀರು ತಪ್ಪುತ್ತಿತ್ತು, ಬೀಗತನ ತಪ್ಪುತ್ತಿತ್ತು, ಕುಲಕಸಬು ಕೈ ಬಿಡುತ್ತಿತ್ತು. ಮತ ಬಿಟ್ಟವರಿಗೂ ಅಪ್ಪನ ಆಸ್ತಿಯ ಪಾಲು ತಪ್ಪಬಾರದು ಎಂದು ಸರಕಾರ 1850ರಲ್ಲೇ ಕಾಯ್ದೆ ಮಾಡಬೇಕಾಯಿತು ಅಂದರೆ ಸಂಗತಿ ಎಷ್ಟು ಬಿಗಿ ಇತ್ತು, ನೀವೇ ಊಹಿಸಿರಿ. ಬಾಸೆಲ್ ಮಿಷನ್ ನೇಯ್ಗೆ ಮಗ್ಗ, ಹಂಚಿನ ಕಾರ್ಖಾನೆ ಹಾಕಿದ್ದರ ಹಿಂದಿನ ಒಂದು ಕಾರಣವೂ ಇದೇ: ಹೊರಬಿದ್ದವರಿಗೆ ಹೊಟ್ಟೆಗೆ ಹಿಟ್ಟು ಬೇಕಲ್ಲ!

1914ರಲ್ಲಿ ಮಹಾಯುದ್ಧ ಹತ್ತಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಶತ್ರುಗಳೆಂದು ಹಿಡಿದು ಶಿಬಿರದಲ್ಲಿಟ್ಟು, ಆಮೇಲೆ ದೇಶ ಬಿಡಿಸಿತು. ಪಾದ್ರಿ ಹೋದ, ಅವನ ಮಾತು ಕೇಳಿದವರು ಮಾತ್ರ ಇದೇ ಓಣಿಗಳಲ್ಲಿ ಉಳಿದರು. ಸಭೆಯನ್ನು ನಡೆಸಿದವರು ಊರವರೇ, ಕನ್ನಡದಲ್ಲೇ. ಮುಂದೆ ಆ ಸಭೆಗಳು ದಕ್ಷಿಣ ಭಾರತ ಸಭೆಗೆ ಸೇರಿ, 1970ರಲ್ಲಿ ಧಾರವಾಡ ಕೇಂದ್ರವಾಗಿ ಉತ್ತರ ಕರ್ನಾಟಕದ ಧರ್ಮಪ್ರಾಂತ ಆಯಿತು. ಇಂದಿಗೂ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇಲ್ಲ. ಇದ್ದವರು ಹೊರಗಿನವರಲ್ಲ, ನಮ್ಮ ಜೋಡಿ ಜೋಳದ ರೊಟ್ಟಿ ತಿಂದು ಬೆಳೆದವರು.

ಕಾನೂನಿನ ಮಾತು

ಈಗ ವೀಸಾದ ವಿಷಯ. ಪ್ರವಾಸಿ ವೀಸಾದ ಮೇಲೆ ಬಂದವರು ಗುಡಿ, ಮಸೀದಿ, ಚರ್ಚಿಗೆ ಹೋಗಬಹುದು, ಪ್ರವಚನ ಕೇಳಬಹುದು. ಆದರೆ ತಾವೇ ಮತ ಬೋಧಿಸುವುದು, ಪ್ರಾರ್ಥನಾ ಸ್ಥಳದಲ್ಲಿ ಭಾಷಣ ಮಾಡುವುದು, ಕರಪತ್ರ ಹಂಚುವುದು, ಮತಾಂತರದ ಕೆಲಸ ಇವಕ್ಕೆ ಕೇಂದ್ರ ಗೃಹ ಖಾತೆಯ ನಿಯಮದಲ್ಲಿ ಅವಕಾಶ ಇಲ್ಲ. ಮಿಷನರಿ ಕೆಲಸಕ್ಕೆ ಬ್ಯಾರೆ ವೀಸಾ ಉಂಟು. ಗೋಲ ಗುಮ್ಮಟ ನೋಡುವ ಚೀಟಿಯಲ್ಲಿ ತಿಕೋಟಾದ ಮನೆಯಲ್ಲಿ ಬೋಧನೆ ಮಾಡಲು ಬರುವುದಿಲ್ಲ.

ಊರವರ ಹಕ್ಕು ಬ್ಯಾರೆ. ಸಂವಿಧಾನದ 25ನೇ ಕಲಮು ಮತ ಪಾಲಿಸುವ, ಪ್ರಚಾರ ಮಾಡುವ ಸ್ವಾತಂತ್ರ್ಯ ಕೊಟ್ಟಿದೆ. ಪ್ರಚಾರದ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿದೆ. ಕರ್ನಾಟಕದ 2022ರ ಕಾಯ್ದೆ ಹಿಡಿದದ್ದು ಬಲವಂತ, ಮೋಸ, ಆಮಿಷದ ಮತಾಂತರವನ್ನು. ಶಿಕ್ಷೆ 3ರಿಂದ 5 ವರ್ಷ; ಹೆಣ್ಣುಮಕ್ಕಳು, ಸಣ್ಣ ಹುಡುಗರು, ಪರಿಶಿಷ್ಟರ ಪ್ರಕರಣದಲ್ಲಿ 10 ವರ್ಷದ ತನಕ. ಅದನ್ನು ಹಿಂತೆಗೆಯುವ ತೀರ್ಮಾನವನ್ನು 2023ರ ಜೂನ್‌ನಲ್ಲಿ ಸಚಿವ ಸಂಪುಟ ಮಾಡಿತು. ಏನೇ ಇರಲಿ, ತನ್ನ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡುವುದನ್ನೇ ಆ ಕಾಯ್ದೆಯೂ ಅಪರಾಧ ಎಂದಿಲ್ಲ. ಅನುಮಾನ ಬಂದವರು ಪೋಲೀಸರಿಗೆ ತಿಳಿಸಬಹುದು. ಬಾಗಿಲು ಒದೆಯುವ ಅಧಿಕಾರ ಯಾರಿಗೂ ಇಲ್ಲ.

ಇನ್ನೊಂದು ಗುಲ್ಲು: ಪ್ರಾರ್ಥನೆಗೆ ಕೂತರೆ ಜಾತಿ ಸರ್ಟಿಫಿಕೇಟು ಹೋಗ್ತದ ಅಂತ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ಕ್ರೈಸ್ತ ಮತಕ್ಕೆ ಸೇರಿದರೆ ಅದು ಹೋಗುವುದು ಖರೆ. ಒಂದು ದಿನ ಕೈ ಮುಗಿದು ಕೂತ ಮಾತ್ರಕ್ಕೆ ಹೋಗುವುದಿಲ್ಲ. ಬಡವರ ಮನೆಯಲ್ಲಿ ಮಗನ ವಿದ್ಯಾರ್ಥಿವೇತನ, ನೌಕರಿ ಈ ಕಾಗದದ ಮೇಲೆ ನಿಂತಿರುತ್ತದೆ. ಇದನ್ನು ಮನೆಯವರಿಗೆ ಮುಂಚೆಯೇ ಬಿಡಿಸಿ ಹೇಳದ ಬೋಧಕ, ಸ್ವದೇಶಿಯಾಗಲಿ ಪರದೇಶಿಯಾಗಲಿ, ಅವರಿಗೆ ಉಪಕಾರ ಮಾಡಿದಂತೆ ಆಗುವುದಿಲ್ಲ.

ಫೋಟೋ ಯಾರಿಗೆ?

ಬಾಸೆಲ್ ಮಿಷನರಿಗಳು ಇಲ್ಲಿಯ ಮನೆಗಳ ಕತೆ ಬರೆದು, ಫೋಟೋ ತೆಗೆದು ತಮ್ಮ ದೇಶಕ್ಕೆ ಕಳಿಸುತ್ತಿದ್ದರು. ಅಲ್ಲಿಯ ದೇಣಿಗೆಯಿಂದಲೇ ಇಲ್ಲಿಯ ಕೆಲಸ. ಆ ಕಾಗದಪತ್ರ ಇಂದಿಗೂ ಬಾಸೆಲ್‌ನಲ್ಲಿವೆ. ಈಗ ಅದೇ ಕೆಲಸ ಮೊಬೈಲಿನಲ್ಲಿ ನಿಮಿಷದಲ್ಲಿ ಆಗುತ್ತದೆ. ಜಡ್ಡಾದ ಮುದುಕಿಯ ಮುಖ, ಕೂಸಿನ ಹೆಸರು ಪರದೇಶದ ಮಂದಿಯ ಕೈ ಸೇರುವ ಮುನ್ನ ಆ ಮುದುಕಿಯನ್ನು ಒಂದು ಮಾತು ಕೇಳಬೇಕು.

ತಿಕೋಟಾ ಇಲ್ಲಿಂದ ಹತ್ತಿರ ಹತ್ತಿರ 20 ಕಿಲೋಮೀಟರ್, ಬಬಲೇಶ್ವರ ಅದಕ್ಕಿಂತ ತುಸು ದೂರ. ಬಂದವರಿಗೆ ಬರ್ರಿ, ಕೂಡ್ರಿ, ನೀರು ಕುಡೀರಿ ಅನ್ನುವ ಊರುಗಳಿವು. ಆ ಮರ್ಯಾದೆಯನ್ನು ಅತಿಥಿ ಒಪ್ಪಿಗೆ ಎಂದು ತಿಳಿಯಬಾರದು. ಮನೆಯ ಗಂಡಸಿನ ಜೋಡಿ ಹೆಂಗಸನ್ನೂ, ಜಡ್ಡಾದವರನ್ನೂ ಕೇಳಬೇಕು. ಗುಳಿಗೆ ಬಿಡಿಸಬಾರದು, ಕೈಯಲ್ಲಿ ರೊಕ್ಕ ಇಡಬಾರದು. ಅವರನ್ನು ಕರೆತರುವ ಊರ ಪಾಸ್ಟರು ವೀಸಾ ಮೊದಲು ನೋಡಬೇಕು. ಓಣಿಯ ಹಿರೇರು ಗುಂಪು ಕಟ್ಟುವ ಬದಲು ಒಳಗೆ ಬಂದು ಕೂತು ಕೇಳಬೇಕು. ಅತಿಥಿ ವಿಮಾನ ಹತ್ತಿದ ಮೇಲೆ ಅದೇ ಮನೆಯವರ ಜೋಡಿ ಅದೇ ನಳದಲ್ಲಿ ನೀರು ಹಿಡಿಯಬೇಕಾದವರು ಅವರೇ. ಸಂಬಂಧಪಟ್ಟವರು ಗಮನಿಸಲಿ.