ಹಳೆಯ ಪೇಟಿ ಕೊಳ್ಳುವ ಮುನ್ನ

ಹಾರ್ಮೋನಿಯಮ್ಮಿಗೆ ನಮ್ಮ ಜತ್ತ ಸೀಮೆಯಲ್ಲಿ ಪೇಟಿಯೆಂದೇ ಹೆಸರು. ಭಜನೆಯಿರಲಿ, ಶಾಲೆಯ ಪ್ರಾರ್ಥನೆಯಿರಲಿ, ಪೇಟಿಯಿಲ್ಲದೆ ಮೇಳ ಕೂಡದು. ಆದರೆ ಒಳ್ಳೆಯ ಹೊಸ ಪೇಟಿಯ ಬೆಲೆ ಒಕ್ಕಲು ಮನೆತನದ ಕೈಗೆ ಸುಲಭವಾಗಿ ಎಟುಕುವಂಥದಲ್ಲ. ಆದುದರಿಂದ ಬಹುಮಂದಿ ಹಳೆಯದನ್ನೇ ಅರಸುತ್ತಾರೆ. ಅರಸುವುದು ತಪ್ಪಲ್ಲ, ಪರೀಕ್ಷಿಸದೆ ಕೊಳ್ಳುವುದು ತಪ್ಪು.

ಆ ತಪ್ಪನ್ನು ಸ್ವತಃ ಮಾಡಿದವನು ನಾನು. ಕೆಲವು ವರ್ಷಗಳ ಹಿಂದೆ ಸನಮಡಿಯಲ್ಲಿ ಜೋಳದ ರಾಶಿಯಾದ ಮೇಲೆ ಭಜನಾ ಮೇಳದವರು ಮನೆಮನೆಗೆ ತಿರುಗಿ ವರ್ಗಣಿ ಕೂಡಿಸಿದರು. ಓದು ಬಲ್ಲವನೆಂದು ಹಣವನ್ನು ನನ್ನ ಕೈಗಿತ್ತರು. ನಾನು ಮೆರುಗೆಣ್ಣೆಯ ಹೊಳಪಿಗೆ ಮರುಳಾಗಿ ಒಂದು ಪೇಟಿಯನ್ನು ತಂದೆ. ಬೇಸಿಗೆ ಕಳೆಯುವಷ್ಟರಲ್ಲಿ ಒಳಹಲಗೆ ಸೀಳಿತು. ಎಷ್ಟು ಊದಿದರೂ ಗಾಳಿ ನಿಲ್ಲದಾಯಿತು. ಮೇಳದ ಹಿರಿಯರೊಬ್ಬರು ಮೆಲ್ಲಗೆ ಅಂದರು: “ಗುರುಗಳ, ಪೇಟಿ ನೋಡಾಕ ಚಂದ ಐತ್ರಿ, ಆದ್ರ ಅದಕ್ಕ ಉಸಿರಿಲ್ರಿ.” ಬಯ್ದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಂದಿನಿಂದ ಬಲ್ಲವರ ಬಳಿ ಕುಳಿತು ಕಲಿತುದನ್ನು ಇಲ್ಲಿ ಹೇಳುತ್ತೇನೆ.

ಪ್ಯಾರಿಸಿನ ಅಲೆಕ್ಸಾಂಡರ್ ದೆಬ್ಯಾಂ ಎಂಬಾತ 1840ರ ಸುಮಾರಿಗೆ ರೂಪಿಸಿದ ಈ ವಾದ್ಯಕ್ಕೆ ಮೊದಲು ಕಾಲಿನಿಂದ ಗಾಳಿ ಊದಬೇಕಿತ್ತು. ಕಲಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಊದುವಂತೆ ಮಾರ್ಪಡಿಸಿದರು. ನಾಟಕ ಕಂಪನಿಗಳಲ್ಲಿ ಮಾತ್ರ ಕಾಲುಪೇಟಿ ಬಹುಕಾಲ ಮೆರೆಯಿತು. ಸ್ವರಗಳ ನಡುವಿನ ಮೀಂಡು ಇದರಲ್ಲಿ ನುಡಿಯದೆಂಬ ಆಕ್ಷೇಪದಿಂದ 1940ರಲ್ಲಿ ಆಕಾಶವಾಣಿ ಇದನ್ನು ಹೊರಗಿಟ್ಟಿತು. 1970ರ ದಶಕದಲ್ಲಿ ಆ ಬಿಗಿ ಸಡಿಲಾಯಿತು. ನಮ್ಮಂತೆಯೇ ಗಡಿಯೂರಾದ ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ನೆಲೆಸಿದ ಪಂಡಿತ ರಾಮ ಕಲ್ಲೋ ಬಿಜಾಪುರೆಯವರು ಇದೇ ಪೇಟಿಯಿಂದ ನಾಡಿಗೆಲ್ಲ ಹೆಸರಾದರು. ವಾದ್ಯ ಕೀಳಲ್ಲ; ಕೈ ಪಳಗಬೇಕು, ವಾದ್ಯವೂ ನೆಟ್ಟಗಿರಬೇಕು.

ಮೊದಲನೆಯ ಪರೀಕ್ಷೆ ಗಾಳಿಯದು. ಎಲ್ಲ ಗುಂಡಿಗಳನ್ನೂ ಮುಚ್ಚಿ, ಪಟ್ಟಿ ಒತ್ತದೆ ಭಾತೆಯನ್ನು ನಾಲ್ಕಾರು ಸಲ ಊದಿರಿ. ಒಳಭಾತೆ ತುಂಬಿ ಕೈಗೆ ಬಿಗಿ ಹತ್ತಬೇಕು. ಬಿಗಿ ಕೂಡಲೇ ಇಳಿದರೆ ಎಲ್ಲಿಯೋ ಸೋರುತ್ತಿದೆ ಎಂದರ್ಥ. ಚರ್ಮವೋ ಬಟ್ಟೆಯೋ ಹರಿದಿದ್ದರೆ ಹೊಸದು ಹಚ್ಚಬಹುದು. ಹಲಗೆ ಸೀಳಿದ್ದರೆ ಕೊಳ್ಳದಿರುವುದೇ ಲೇಸು. ನಮ್ಮ ಒಣಹವೆಯಲ್ಲಿ ಹಸಿಮರ ಬೇಗ ಬಿರಿಯುತ್ತದೆ. ಚೆನ್ನಾಗಿ ಒಣಗಿದ ಸಾಗವಾನಿ ಬಾಳುತ್ತದೆ.

ಎರಡನೆಯದು ಪಟ್ಟಿಗಳದು. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೊಂದನ್ನೇ ಒತ್ತಿರಿ. ಎಲ್ಲವೂ ಒಂದೇ ತೂಕದಲ್ಲಿ ಇಳಿಯಬೇಕು, ಬಿಟ್ಟೊಡನೆ ಮೇಲೇಳಬೇಕು, ಅತ್ತಿತ್ತ ಅಲುಗಾಡಬಾರದು. ಒಂದು ಬಿರುಸು ಒಂದು ಸಡಿಲವಾದರೆ ಕಲಿಯುವ ಮಗುವಿನ ಬೆರಳು ತಪ್ಪು ಅಭ್ಯಾಸ ಹಿಡಿಯುತ್ತದೆ. ಇದು ತಂತಿ ಸ್ಪ್ರಿಂಗಿನ ದೋಷವಾಗಿದ್ದರೆ ಕಡಿಮೆ ಖರ್ಚಿನಲ್ಲಿ ಸರಿಹೋಗುವುದು.

ಮೂರನೆಯದು ಸುರಗಳದು. ಹಿತ್ತಾಳೆಯ ನಾಲಗೆ ಅದುರಿದಾಗಲೇ ನಾದ. ಗುಜರಾತಿನ ಪಾಲಿತಾಣಾದ ಸುರಗಳು ಇದಕ್ಕೆ ಪ್ರಸಿದ್ಧ. ಮೆಲ್ಲನೆಯ ಗಾಳಿಗೂ ಪ್ರತಿ ಸುರ ತಡವಿಲ್ಲದೆ ನುಡಿಯಬೇಕು. ಬಳಿಕ ಷಡ್ಜವನ್ನೂ ತಾರಷಡ್ಜವನ್ನೂ ಕೂಡಿಸಿ ಒತ್ತಿ ಕೇಳಿರಿ. ನಾದ ಅಲೆಅಲೆಯಾಗಿ ನಡುಗಿದರೆ ಸ್ವರ ಇಳಿದಿದೆ ಅಥವಾ ಏರಿದೆ. ನಾಲಗೆಯ ತುದಿ ಕೆರೆದರೆ ಸ್ವರ ಏರುವುದು, ಬುಡ ಕೆರೆದರೆ ಇಳಿಯುವುದು. ಇದು ಕುಶಲರ ಕೆಲಸ; ಮನೆಯಲ್ಲಿ ಕೈಹಾಕಬಾರದು. ಮೂಕವಾದ ಸುರ ಕೆಟ್ಟಿದೆಯೆಂದೇ ತಿಳಿಯಬೇಡಿರಿ. ಹಲವು ಸಲ ಧೂಳು ತೆಗೆದರೆ ಸಾಕು.

ಭಜನೆಗೆ ಖರ್ಜ ಮತ್ತು ನರವೆಂಬ ಎರಡು ಸಾಲು ಸುರಗಳ, ಮೂರು ಸಪ್ತಕದ 37 ಪಟ್ಟಿಗಳ ಪೇಟಿ ಸಾಕು. ಪಟ್ಟಿಯ ಹಾಸನ್ನೇ ಸರಿಸಿ ಶ್ರುತಿ ಬದಲಿಸುವ ಪೇಟಿ ಭಾರ. ಸಂದು ಹೆಚ್ಚು, ಸೋರಿಕೆಯ ಭಯವೂ ಹೆಚ್ಚು.

ವಿದ್ಯುತ್ ಕೀಬೋರ್ಡ್ ಏಕೆ ಬೇಡವೆಂದು ತರುಣರು ಕೇಳುತ್ತಾರೆ. ಅಗ್ಗದವುಗಳ ಪಟ್ಟಿ ಪೊಳ್ಳಾಗಿ ಹಗುರ. ಪಿಯಾನೋದಂತೆ ಬೆರಳಿಗೆ ತೂಕ ಕೊಡುವಂಥವು ದುಬಾರಿ. ಅವೆರಡರಲ್ಲಿಯೂ ಪೇಟಿಯ ಉಸಿರಾಟವಿಲ್ಲ. ಎಡಗೈ ಊದಿದಂತೆ ನಾದ ಉಬ್ಬಿ ತಗ್ಗುವುದೇ ಅದರ ಜೀವ.

ಕೊನೆಯ ಮಾತು: ಒಬ್ಬರೇ ಹೋಗಬೇಡಿರಿ. ನುಡಿಸಬಲ್ಲವರೊಬ್ಬರನ್ನು ಕರೆದೊಯ್ಯಿರಿ, ದುರಸ್ತಿಯ ಖರ್ಚನ್ನೂ ಬೆಲೆಗೆ ಕೂಡಿಸಿ ಲೆಕ್ಕ ಹಾಕಿರಿ. ನಮ್ಮ ಮೇಳದ ಪೇಟಿಯ ಹಲಗೆಯನ್ನು ಮುಂದೆ ನನ್ನ ಸ್ವಂತ ಖರ್ಚಿನಿಂದ ಬದಲಿಸಿದೆ. ಈಗ ಅದು ನುಡಿಯುತ್ತದೆ. ಆದರೂ ಮೊದಲ ಸ್ವರ ಕೇಳುವವರೆಗೆ ನನ್ನ ಎದೆ ಇಂದಿಗೂ ಡವಗುಟ್ಟುತ್ತದೆ. ಹತ್ತು ಮನೆಯ ಹಣ ಕೈಯಲ್ಲಿರುವಾಗ ಕಣ್ಣಿಗಿಂತ ಕಿವಿಯನ್ನು ನಂಬಬೇಕು.